ಸಾಸಿವೆ ಡಬ್ಬಿಯ ಹಣ

ಮನೆಯ ಹಣವೆಲ್ಲಿದೆಯೆಂದು ಯಜಮಾನನನ್ನು ಕೇಳಿದರೆ ಅವನು ಬ್ಯಾಂಕಿನ ಪುಸ್ತಕವನ್ನು ತೆಗೆದು ತೋರಿಸುವನು. ಅದೇ ಪ್ರಶ್ನೆಯನ್ನು ಗೃಹಿಣಿಗೆ ಹಾಕಿದರೆ ಆಕೆ ನಕ್ಕು ಸುಮ್ಮನಾಗುವಳು. ಯಜಮಾನನ ತಿಳಿವಳಿಕೆಗೆ ಬಾರದ ಮತ್ತೊಂದು ಖಜಾನೆಯು ನಮ್ಮ ಬಹುಮಂದಿಯ ಮನೆಗಳಲ್ಲಿ ಉಂಟು. ಅದು ಅಡಿಗೆಯ ಮನೆಯಲ್ಲಿ, ಜೀರಿಗೆ ಮೆಂತ್ಯಗಳ ಸಾಲಿನಲ್ಲಿ, ಸಾಸಿವೆ ಡಬ್ಬಿಯ ತಳದಲ್ಲಿರುವುದು. ತರಕಾರಿಯವಳೊಡನೆ ಚೌಕಾಸಿ ಮಾಡಿ ಉಳಿಸಿದ ಹತ್ತು ರೂಪಾಯಿ, ತೌರಿನಿಂದ ಹೊರಡುವಾಗ ಅಣ್ಣನು ಕೈಯಲ್ಲಿಟ್ಟ ನೋಟು, ಹಳೆಯ ಪತ್ರಿಕೆಗಳನ್ನು ಮಾರಿ ಬಂದ ಚಿಲ್ಲರೆ, ಇವೆಲ್ಲವೂ ಅಲ್ಲಿ ಸೇರುವುವು. ಅದಕ್ಕೆ ಲೆಕ್ಕದ ಪುಸ್ತಕವಿಲ್ಲ. ಆದರೂ ಒಂದು ಕಾಸಿನ ಲೆಕ್ಕವೂ ತಪ್ಪುವುದಿಲ್ಲ. ನಡುರಾತ್ರಿಯಲ್ಲಿ ಮಗುವಿಗೆ ಜ್ವರವೇರಿ ಆಟೋ ತರಿಸಬೇಕಾದಾಗ, ತಿಂಗಳ ಕೊನೆಯಲ್ಲಿ ನೆಂಟರು ಬಂದು ಕಾಫಿಯ ಪುಡಿ ಮುಗಿದಿರುವಾಗ, ಆ ಡಬ್ಬಿಯ ಮುಚ್ಚಳವು ತೆರೆಯುವುದು. ಎಲ್ಲಿಂದ ಬಂತೆಂದು ಕೇಳದಿರುವುದೇ ಯಜಮಾನನ ಮರ್ಯಾದೆ.

೨೦೧೬ನೆಯ ಇಸವಿಯ ನವೆಂಬರ್ ೮ರ ರಾತ್ರಿ ಈ ಖಜಾನೆಗೆ ದೊಡ್ಡ ಪೆಟ್ಟು ಬಿದ್ದಿತು. ಐನೂರು ಮತ್ತು ಸಾವಿರ ರೂಪಾಯಿಗಳ ನೋಟುಗಳು ಆ ನಡುರಾತ್ರಿಯಿಂದ ಚಲಾವಣೆಯಲ್ಲಿರುವುದಿಲ್ಲವೆಂದು ಪ್ರಧಾನಮಂತ್ರಿಗಳು ಪ್ರಕಟಿಸಿದರು. ಹಳೆಯ ನೋಟುಗಳನ್ನು ಆ ವರ್ಷದ ಡಿಸೆಂಬರ್ ೩೦ರೊಳಗಾಗಿ ಬ್ಯಾಂಕಿಗೆ ಕಟ್ಟಬೇಕಾಯಿತು. ಚಿಲ್ಲರೆಯನ್ನು ಕೂಡಿಸಿ ಕೂಡಿಸಿ ದೊಡ್ಡ ನೋಟಿಗೆ ಬದಲಾಯಿಸಿ ಮಡಿಸಿಟ್ಟಿದ್ದ ತಾಯಂದಿರು ಆ ವಾರ ಅವುಗಳನ್ನು ಹೊರಗೆ ತೆಗೆದು ಮಗನ ಕೈಗೋ ಗಂಡನ ಕೈಗೋ ಕೊಡಬೇಕಾಗಿ ಬಂದಿತು. ಕೆಲವು ಮನೆಗಳಲ್ಲಿ ಅದು ನಗೆಯ ವಿಷಯವಾಯಿತು, ಕೆಲವು ಮನೆಗಳಲ್ಲಿ "ನಾನು ಸಾಲ ಮಾಡುತ್ತಿದ್ದಾಗ ಇದನ್ನು ಬಚ್ಚಿಟ್ಟಿದ್ದೆಯಾ?" ಎಂಬ ಮಾತಿಗೂ ಎಡೆಯಾಯಿತು. ಹಣವು ಹೋಗಲಿಲ್ಲ, ಖಾತೆಗೆ ಜಮೆಯಾಯಿತು. ಹೋದದ್ದು ಗುಟ್ಟು. ಗುಟ್ಟು ಹೋದ ಬಳಿಕ ಆ ಹಣಕ್ಕೆ ಮೊದಲಿನ ಗುಣವಿರಲಿಲ್ಲ. ಖಾತೆಯಲ್ಲಿ ಕಂಡ ಹಣಕ್ಕೆ ಹತ್ತು ಮಂದಿ ಹಕ್ಕುದಾರರು. ೨೦೨೩ರಲ್ಲಿ ಕರ್ನಾಟಕ ಸರ್ಕಾರವು ಗೃಹಲಕ್ಷ್ಮಿ ಯೋಜನೆಯನ್ನು ಆರಂಭಿಸಿ ಮನೆಯ ಯಜಮಾನಿತಿಯ ಖಾತೆಗೇ ತಿಂಗಳಿಗೆ ೨,೦೦೦ ರೂಪಾಯಿ ಕಳುಹಿಸತೊಡಗಿದಾಗ, ಸಾಸಿವೆ ಡಬ್ಬಿಗೆ ಬ್ಯಾಂಕಿನಲ್ಲಿಯೂ ಒಂದು ಹೆಸರು ಹುಟ್ಟಿದಂತಾಯಿತೆಂದು ನನಗೆ ತೋರುವುದು.

ಡಬ್ಬಿಯ ಹಣದಲ್ಲಿ ಎರಡು ಕೊರತೆಗಳುಂಟು. ಅದು ಬಡ್ಡಿಯನ್ನು ಹೆರುವುದಿಲ್ಲ. ಮತ್ತು ಕೈಗೆ ಎಟುಕುವಷ್ಟು ಹತ್ತಿರದಲ್ಲಿರುತ್ತದೆ. ಈ ಎರಡನ್ನೂ ಕಂಡು ಪರಿಹಾರ ಹುಡುಕಿದವರು ನಮ್ಮ ಕರಾವಳಿಯವರು. ೧೯೨೫ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಎಂಬ ಮೂವರು ಸೇರಿ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು, ೮,೦೦೦ ರೂಪಾಯಿಗಳ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ತೆರೆದರು. ಒಬ್ಬರು ವ್ಯಾಪಾರಿ, ಒಬ್ಬರು ಇಂಜಿನಿಯರು, ಒಬ್ಬರು ವೈದ್ಯರು. ೧೯೨೮ರಲ್ಲಿ ಈ ಸಂಸ್ಥೆಯು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಮೆಟ್ಟಿಲನ್ನು ಹತ್ತಲು ಅಂಜುವವರ ಮನೆಯ ಮೆಟ್ಟಿಲಿಗೆ ಬ್ಯಾಂಕೇ ದಿನದಿನವೂ ಬಂದು, ಎರಡಾಣೆಯಷ್ಟು ಅಲ್ಪ ಹಣವನ್ನೂ ಪಡೆದು ಬರೆದುಕೊಂಡು ಹೋಗುವ ಏರ್ಪಾಡದು.

ಎರಡಾಣೆಯೆಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ದಿನಕ್ಕೆ ಎರಡಾಣೆಯಂತೆ ಒಂದು ವರ್ಷ ಕಟ್ಟಿದರೆ ೭೩೦ ಆಣೆ, ಅಂದರೆ ೪೫ ರೂಪಾಯಿ ೧೦ ಆಣೆ. ಆ ಕಾಲದ ಬಡ ಸಂಸಾರಕ್ಕೆ ಇದು ಸಣ್ಣ ಗಂಟಲ್ಲ. ತಿಂಗಳ ಕೊನೆಗೆ ಒಟ್ಟಿಗೆ ಮೂರು ಮುಕ್ಕಾಲು ರೂಪಾಯಿ ಕಟ್ಟೆಂದರೆ ಮೀನುಮಾರುವ ಹೆಂಗಸಾಗಲಿ ಬೀಡಿ ಕಟ್ಟುವವಳಾಗಲಿ ಕಟ್ಟಲಾರಳು. ದಿನದ ಸಂಪಾದನೆ ದಿನವೇ ಖರ್ಚಾಗುವ ಮನೆಯಲ್ಲಿ ತಿಂಗಳ ಕೊನೆ ಎಂಬುದೇ ಇಲ್ಲ. ಸಂಜೆ ಕೈಯಲ್ಲಿ ಕಾಸಿರುವ ಹೊತ್ತಿಗೆ ಸರಿಯಾಗಿ ಒಬ್ಬನು ಬಾಗಿಲಲ್ಲಿ ನಿಂತರೆ ಮಾತ್ರ ಅದು ಉಳಿಯುವುದು. ಪಿಗ್ಮಿಯ ಜಾಣತನವೆಲ್ಲವೂ ಈ ಹೊತ್ತಿನ ಅರಿವಿನಲ್ಲಿದೆ. ಆಣೆಗಳು ೧೯೫೭ರ ಏಪ್ರಿಲ್ ೧ರಂದು ನಯಾಪೈಸೆಗೆ ಎಡೆಕೊಟ್ಟುವು. ಸಂಸ್ಥೆಯು ಸಿಂಡಿಕೇಟ್ ಬ್ಯಾಂಕೆಂಬ ಹೆಸರು ಪಡೆದು, ೧೯೬೯ರಲ್ಲಿ ರಾಷ್ಟ್ರೀಕೃತವಾಗಿ, ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಊರೂರುಗಳಲ್ಲಿ ಉಳಿದಿದೆ. ಎಷ್ಟೋ ಸಹಕಾರ ಸಂಘಗಳು ಅದೇ ಹೆಸರಿನಲ್ಲಿ ಅಂಗಡಿ ಅಂಗಡಿಗೆ ಹೋಗಿ ಹಣ ಕೂಡಿಸುತ್ತವೆ. ಬಿಸಿಲು ಮಳೆಗಳಲ್ಲಿ ಅಲೆಯುವ ಆ ಸಂಗ್ರಾಹಕನಿಗೆ ಸಂಬಳವಿಲ್ಲ, ಕೂಡಿಸಿದ ಹಣದ ಮೇಲೆ ಕಮಿಷನ್ ಮಾತ್ರ. ಇಂಥವರೂ ಕೈಗಾರಿಕಾ ವಿವಾದಗಳ ಕಾಯಿದೆಯ ಮೇರೆಗೆ ಕೆಲಸಗಾರರೇ ಸರಿ ಎಂಬ ತೀರ್ಪನ್ನು ಪಡೆಯಲು ೨೦೦೧ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

ಇಲ್ಲಿ ಗೃಹಸ್ಥರು ತಿಳಿದಿರಬೇಕಾದ ಒಂದು ಭೇದವುಂಟು. ಇದನ್ನು ತಿಳಿಯದೆ ಜೀವಮಾನದ ಉಳಿತಾಯವನ್ನು ಕಳೆದುಕೊಂಡವರು ಕಡಮೆಯಲ್ಲ. ೧೯೬೦ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿತು. ಠೇವಣಿದಾರರ ಗೋಳನ್ನು ಕಂಡು ೧೯೬೧ರಲ್ಲಿ ಠೇವಣಿ ವಿಮೆಯ ಕಾಯಿದೆಯಾಯಿತು. ೧೯೬೨ರ ಜನವರಿ ೧ರಿಂದ ವಿಮೆಯ ಕಾರ್ಪೊರೇಷನ್ ಕೆಲಸಮಾಡತೊಡಗಿತು. ಆಗ ಒಬ್ಬೊಬ್ಬ ಠೇವಣಿದಾರನಿಗೆ ೧,೫೦೦ ರೂಪಾಯಿಗಳವರೆಗೆ ರಕ್ಷಣೆಯಿದ್ದಿತು. ೨೦೨೦ರ ಫೆಬ್ರವರಿಯಲ್ಲಿ ಈ ಮೇರೆಯನ್ನು ೫ ಲಕ್ಷಕ್ಕೆ ಏರಿಸಲಾಯಿತು. ಅಸಲು ಬಡ್ಡಿ ಎರಡೂ ಕೂಡಿದ ಮೊತ್ತವಿದು. ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಇಟ್ಟರೂ ಒಟ್ಟಿಗೇ ಲೆಕ್ಕ. ಸಹಕಾರಿ ಬ್ಯಾಂಕುಗಳಿಗೂ ಈ ರಕ್ಷಣೆ ಸಲ್ಲುವುದು. ಆದರೆ ಬ್ಯಾಂಕಲ್ಲದ ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಇದು ಸಲ್ಲದು. ಫಲಕ ಹೊಳೆಯುತ್ತಿರಬಹುದು, ಒಳಗೆ ಗಾಜಿನ ಕಿಟಕಿಗಳೂ ಗುಂಡಿಯೊತ್ತಿದರೆ ಚೀಟಿ ಕೊಡುವ ಯಂತ್ರವೂ ಇರಬಹುದು, ಅಧ್ಯಕ್ಷರು ನಮ್ಮ ಬೀಗರ ಕಡೆಯವರೇ ಇರಬಹುದು. ಸಂಘವು ಮುಳುಗಿದರೆ ವಿಮೆಯ ಹಣವು ಬಾರದು. ಸಂಘಗಳೆಲ್ಲವೂ ಕೆಟ್ಟವೆಂದು ಇದರ ಅರ್ಥವಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ೧೯೦೫ರಲ್ಲಿ ಕಟ್ಟಿದ ಸಂಘದಿಂದ ನಮ್ಮ ನಾಡಿನ ಸಹಕಾರ ಚಳುವಳಿಯು ಮೊದಲಾಯಿತು. ಸಾಹುಕಾರನ ಬಡ್ಡಿಯಿಂದ ರೈತರನ್ನು ಬಿಡಿಸಿದ ಕೀರ್ತಿ ಅಂಥ ಸಂಘಗಳಿಗೆ ಸಲ್ಲತಕ್ಕದ್ದು. ಆದರೆ ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ನೂರಕ್ಕೆ ಒಂದೆರಡು ರೂಪಾಯಿ ಹೆಚ್ಚಿನ ಬಡ್ಡಿಯ ಆಸೆಗೆ ಪೂರ್ತಿಯಾಗಿ ವಿಮೆಯಿಲ್ಲದ ಕಡೆ ಇಡುವ ಮುನ್ನ, "ಇಲ್ಲಿಯ ಠೇವಣಿಗೆ ವಿಮೆಯುಂಟೆ?" ಎಂದು ಬಾಯಿಬಿಟ್ಟು ಕೇಳುವುದರಲ್ಲಿ ಸಂಕೋಚವೇನು? ಕೇಳಿದರೆ ಮುನಿಯುವವರ ಬಳಿ ಇಡದಿರುವುದೇ ಲೇಸು.

ಇನ್ನು ಚೀಟಿಯ ವಿಷಯ. ವಠಾರದ ಹೆಂಗಸರಿಂದ ಹಿಡಿದು ಕಚೇರಿಯ ಗುಮಾಸ್ತರವರೆಗೆ ಚೀಟಿ ಹಾಕದವರು ವಿರಳ. ಹತ್ತು ಬಾರಿ ಅರ್ಜಿ ಹಾಕಿದರೂ ಬ್ಯಾಂಕಿನಲ್ಲಿ ಹುಟ್ಟದ ಸಾಲವು ಚೀಟಿಯಲ್ಲಿ ಒಂದು ಸಂಜೆಗೆ ಹುಟ್ಟುವುದು. ಲೆಕ್ಕವನ್ನು ಬಿಡಿಸಿ ನೋಡೋಣ. ಇಪ್ಪತ್ತು ಮಂದಿ ತಿಂಗಳಿಗೆ ಸಾವಿರದಂತೆ ಇಪ್ಪತ್ತು ತಿಂಗಳು ಕಟ್ಟುವರೆಂದು ಇಟ್ಟುಕೊಳ್ಳಿ. ತಿಂಗಳಿಗೆ ಕೂಡುವ ಮೊತ್ತ ೨೦,೦೦೦. ಮೊದಲನೆಯ ಚೀಟಿ ನಡೆಸುವವರಿಗೇ ಸಲ್ಲುವುದು ವಾಡಿಕೆ. ಎರಡನೆಯ ತಿಂಗಳು ಹರಾಜು. ತೀರ ಅವಸರದಲ್ಲಿರುವ ಒಬ್ಬನು ೫,೦೦೦ ಬಿಟ್ಟುಕೊಟ್ಟು ೧೫,೦೦೦ ಎತ್ತುತ್ತಾನೆ. ಬಿಟ್ಟ ಐದು ಸಾವಿರದಲ್ಲಿ ನಡೆಸುವವರ ಕಮಿಷನ್ ಒಂದು ಸಾವಿರ ಕಳೆದು ಉಳಿದ ನಾಲ್ಕು ಸಾವಿರವನ್ನು ಇಪ್ಪತ್ತು ಮಂದಿಗೂ ಹಂಚಿದರೆ ತಲೆಗೆ ಇನ್ನೂರು. ಆ ತಿಂಗಳು ಪ್ರತಿಯೊಬ್ಬರೂ ಕಟ್ಟುವುದು ಎಂಟುನೂರು ಮಾತ್ರ. ತಾಳ್ಮೆಯಿಂದ ಕಡೆಯವರೆಗೆ ಕಾದವನಿಗೆ ಹತ್ತೊಂಬತ್ತು ಸಾವಿರ ಕೈಗೆ ಬರುವುದು, ಅವನು ಕಟ್ಟಿದ್ದು ಅದಕ್ಕಿಂತ ಕಡಮೆಯಾಗಿರುವುದು. ಅವಸರದವನು ಬಿಟ್ಟ ಹಣವೇ ತಾಳ್ಮೆಯವನ ಬಡ್ಡಿ. ಎತ್ತಿದವನ ಮನೆಯಲ್ಲಿ ಆಸ್ಪತ್ರೆಯ ಬಿಲ್ಲು ತೀರಿತು, ಕಾದವನ ಮನೆಗೆ ಹೊಸ ಮಿಕ್ಸಿ ಬಂದಿತು, ಇಬ್ಬರೂ ನೆರೆಮನೆಯವರು.

ನಂಬಿಕೆಯೇ ಚೀಟಿಯ ಬಂಡವಾಳ, ಅದರ ಅಪಾಯವೂ ಅದೇ. ನಾನು ಬಲ್ಲ ಒಬ್ಬ ಹಿರಿಯ ಗೃಹಿಣಿ ಹದಿನೆಂಟು ವರ್ಷ ಚೀಟಿ ನಡೆಸಿದರು. ಅಕ್ಷರ ಕಲಿತದ್ದು ನಾಲ್ಕನೆಯ ತರಗತಿಯವರೆಗೆ. ಲೆಕ್ಕ ಮಾತ್ರ ನಾಲಗೆಯ ತುದಿಯಲ್ಲಿ. ಒಂದು ತಿಂಗಳು ಒಬ್ಬಳು ಕಟ್ಟದೆ ಹೋದಾಗ ತಮ್ಮ ಕೈಬಳೆಯನ್ನು ಗಿರವಿ ಇಟ್ಟು ಎತ್ತಿದವಳಿಗೆ ಹಣ ಮುಟ್ಟಿಸಿದರೇ ಹೊರತು ಒಂದು ದಿನವೂ ವಾಯಿದೆ ಕೇಳಲಿಲ್ಲ. ಅದೇ ಬೀದಿಯಲ್ಲಿ ಮತ್ತೊಬ್ಬನು ಐದು ಚೀಟಿಗಳನ್ನು ಒಮ್ಮೆಗೇ ನಡೆಸಿ, ಒಂದರ ಹಣವನ್ನು ಮತ್ತೊಂದಕ್ಕೆ ತೇಪೆ ಹಾಕಿ, ಕಡೆಗೆ ಒಂದು ಶುಕ್ರವಾರ ಮನೆಗೆ ಬೀಗ ಹಾಕಿಕೊಂಡು ಹೊರಟುಹೋದನು. ಹಣ ಕಟ್ಟಿದವರ ಕೈಯಲ್ಲಿ ಇದ್ದದ್ದು ಪೆನ್ಸಿಲಿನಲ್ಲಿ ಗೀಚಿದ ಒಂದು ಸಣ್ಣ ಪುಸ್ತಕ. ಅವರಲ್ಲಿ ಒಬ್ಬಾಕೆ ಮನೆಗೆಲಸ ಮಾಡಿ ಮಗನ ಕಾಲೇಜಿನ ಫೀಜಿಗೆಂದು ಕಟ್ಟುತ್ತಿದ್ದವಳು. ಹುಡುಗನು ಆ ವರ್ಷ ಕಾಲೇಜು ಸೇರಲಿಲ್ಲ; ಗ್ಯಾರೇಜು ಸೇರಿದನು.

ಸರ್ಕಾರವು ಇದನ್ನು ಕಾಣದೆ ಇಲ್ಲ. ೧೯೮೨ರ ಚೀಟಿ ನಿಧಿಗಳ ಕಾಯಿದೆಯ ಮೇರೆಗೆ ಚೀಟಿಯನ್ನು ಆರಂಭಿಸುವ ಮೊದಲೇ ಅನುಮತಿ ಪಡೆದು, ಒಪ್ಪಂದವನ್ನು ರಿಜಿಸ್ಟ್ರಾರರಲ್ಲಿ ನೋಂದಾಯಿಸಿ, ಭದ್ರತೆಯ ಹಣವನ್ನಿಡಬೇಕು. ನಡೆಸುವವರ ಕಮಿಷನ್ನಿಗೂ ಮೇರೆಯುಂಟು. ಮೊದಲು ನೂರಕ್ಕೆ ಐದಿದ್ದುದು ೨೦೧೯ರ ತಿದ್ದುಪಡಿಯಿಂದ ಏಳಕ್ಕೆ ಏರಿತು. ಸರ್ಕಾರಕ್ಕೇ ಸೇರಿದ ಎಂ. ಎಸ್. ಐ. ಎಲ್. ಸಂಸ್ಥೆಯೂ ಚೀಟಿಗಳನ್ನು ನಡೆಸುತ್ತದೆ. ಆದರೆ ವಠಾರದ ಚೀಟಿ ರಿಜಿಸ್ಟ್ರಾರರ ಕಚೇರಿಯ ದಾರಿಯನ್ನೇ ಕಂಡಿಲ್ಲ. ಅದನ್ನು ಹಾಕಬೇಡಿರೆಂದರೆ ಯಾರೂ ಕೇಳರು, ಹಾಗೆ ಹೇಳುವ ಮನಸ್ಸು ನನಗೂ ಇಲ್ಲ. ಇಷ್ಟನ್ನು ಮಾತ್ರ ಹೇಳಬಹುದು: ಹೋದರೆ ಸಂಸಾರ ಅಲುಗಾಡುವಷ್ಟು ಹಣವನ್ನು ನೋಂದಾವಣೆಯಿಲ್ಲದ ಚೀಟಿಗೆ ಹಾಕಕೂಡದು, ಒಬ್ಬರೇ ಎರಡು ಮೂರು ಚೀಟಿಗಳನ್ನು ಒಮ್ಮೆಗೆ ನಡೆಸುತ್ತಿದ್ದರೆ ದೂರವಿರುವುದು ಲೇಸು.

ಚೀಟಿಯಲ್ಲಿ ಎಲ್ಲರ ಹಣವು ಸರದಿಯ ಮೇಲೆ ಎಲ್ಲರಿಗೂ ಬರುವುದು. ಲಾಟರಿಯಲ್ಲಿ ಎಲ್ಲರ ಹಣವು ಅದೃಷ್ಟವಂತನೊಬ್ಬನಿಗೆ ಹೋಗುವುದು. ಕರ್ನಾಟಕದಲ್ಲಿ ಒಂದು ಕಾಲಕ್ಕೆ ಸರ್ಕಾರವೇ ಲಾಟರಿ ನಡೆಸುತ್ತಿದ್ದಿತು. ಬಸ್ ನಿಲ್ದಾಣಗಳಲ್ಲಿ ಟಿಕೆಟ್ಟುಗಳನ್ನು ತೋರಣದಂತೆ ತೂಗಹಾಕಿ ಮಾರುತ್ತಿದ್ದರು. ಕೂಲಿಯ ಹಣವು ಮನೆ ಸೇರುವ ಮೊದಲೇ ಅಲ್ಲಿ ಕರಗಿಹೋಗುತ್ತಿದ್ದುದನ್ನು ನೋಡಿ ೨೦೦೭ರಲ್ಲಿ ಲಾಟರಿಯನ್ನು ನಿಲ್ಲಿಸಿದರು. ನೆರೆಯ ಕೇರಳದಲ್ಲಿ ಮಾತ್ರ ೧೯೬೭ರಲ್ಲಿ ಹುಟ್ಟಿದ ಸರ್ಕಾರಿ ಲಾಟರಿ ಇಂದಿಗೂ ನಡೆಯುತ್ತಿದೆ. ೧೯೬೮ರ ಜನವರಿ ೨೬ರಂದು ನಡೆದ ಮೊದಲನೆಯ ಡ್ರಾದಲ್ಲಿ ಟಿಕೆಟ್ಟಿಗೆ ಒಂದು ರೂಪಾಯಿ, ಮೊದಲ ಬಹುಮಾನ ೫೦,೦೦೦ ರೂಪಾಯಿ. ೨೦೨೪ರ ತಿರುವೋಣಂ ಬಂಪರಿನಲ್ಲಿ ೨೫ ಕೋಟಿಯ ಮೊದಲ ಬಹುಮಾನವು ನಮ್ಮ ಮಂಡ್ಯ ಸೀಮೆಯ ಒಬ್ಬ ಸಾಮಾನ್ಯ ಕೆಲಸಗಾರನಿಗೆ ಬಂದಿತು. ಆ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ವಯನಾಡಿಗೆ ಹೋಗುವವರ ಕೈಯಲ್ಲಿ ಟಿಕೆಟ್ಟಿಗೆ ಹಣ ಕೊಟ್ಟು ಕಳುಹಿಸದ ಊರಿದ್ದರೆ ಅದು ಪುಣ್ಯವಂತರ ಊರೇ ಸರಿ!

ಆ ಬಂಪರಿನ ಟಿಕೆಟ್ಟು ಒಂದಕ್ಕೆ ೫೦೦ ರೂಪಾಯಿ; ಮಾರಿಹೋದುವು ಎಪ್ಪತ್ತೊಂದು ಲಕ್ಷದಷ್ಟು. ಅವುಗಳನ್ನು ಕೊಂಡವರ ಹೆಸರುಗಳನ್ನು ಸೆಕೆಂಡಿಗೆ ಒಂದರಂತೆ, ಊಟ ನಿದ್ರೆಗಳಿಲ್ಲದೆ, ಹಗಲಿರುಳೂ ಕೂಗುತ್ತ ಹೋದರೆ ಮುಗಿಯಲು ೮೨ ದಿನ ಬೇಕು. ಯುಗಾದಿಯಂದು ಕೂಗಲು ತೊಡಗಿದರೆ ಮಾವಿನ ಕಾಲ ಮುಗಿದು ಮುಂಗಾರು ಹಿಡಿದ ಮೇಲೆ ನಿಲ್ಲಿಸಬೇಕು. ಅಷ್ಟು ದಿನಗಳಲ್ಲಿ ನಮ್ಮ ಹೆಸರು ಕೇಳಿಸುವುದು ಒಂದು ಸೆಕೆಂಡು. ಗೆದ್ದವನಿಗೂ ಇಪ್ಪತ್ತೈದು ಕೋಟಿ ಪೂರ್ತಿಯಾಗಿ ಸಿಕ್ಕುವುದಿಲ್ಲ. ಏಜೆಂಟರ ಪಾಲನ್ನೂ ಆದಾಯದ ತೆರಿಗೆಯನ್ನೂ ಕಳೆದರೆ ಸುಮಾರು ಅರ್ಧ ಉಳಿಯುವುದು. ವರ್ಷಕ್ಕೊಮ್ಮೆ ಒಂದು ಟಿಕೆಟ್ಟು ಕೊಂಡು, ಡ್ರಾ ಆಗುವವರೆಗೆ ಮನೆ ಕಟ್ಟಿ, ಸೈಟು ಕೊಂಡು, ತಂಗಿಗೆ ಒಡವೆ ಮಾಡಿಸಿ ಕನಸು ಕಾಣುವವನನ್ನು ನಾನು ಜರಿಯಲಾರೆ. ಸಿನಿಮಾ ನೋಡಿದವನು ಮಾಡಿದ ಖರ್ಚೂ ಅಷ್ಟೇ. ವಾರವಾರವೂ ಕೊಳ್ಳುತ್ತ, ಹೋದದ್ದನ್ನು ಹಿಂದಕ್ಕೆ ಪಡೆಯುವೆನೆಂದು ಹಟ ಹಿಡಿದವನ ಮನೆಯಲ್ಲಿ ಮಾತ್ರ ಸಾಸಿವೆ ಡಬ್ಬಿಗೂ ಕನ್ನ ಬೀಳುವುದು.

ವಿಚಿತ್ರವೆಂದರೆ ಕೇರಳವು ೨೦೧೧ರಲ್ಲಿ ಕಾರುಣ್ಯ ಎಂಬ ಹೆಸರಿನ ಒಂದು ಲಾಟರಿಯನ್ನು ಆರಂಭಿಸಿ, ಅದರ ಆದಾಯವನ್ನು ಬಡ ರೋಗಿಗಳ ಚಿಕಿತ್ಸೆಗೆ ಕೊಡುವ ನಿಧಿಯನ್ನು ಕಟ್ಟಿತು. ಸೋತ ಟಿಕೆಟ್ಟಿನವನು ತನಗರಿಯದೆ ಯಾರದೋ ಹೃದಯದ ಶಸ್ತ್ರಚಿಕಿತ್ಸೆಗೆ ಹಣ ಕೊಟ್ಟಂತಾಯಿತು. ಹೀಗೆ ಲಾಟರಿಯ ದಾರಿಯಲ್ಲಿ ಸುತ್ತಿ ಬಂದದ್ದನ್ನೇ ನೇರವಾಗಿ ಮಾಡುವುದು ವಿಮೆ. ಅಲ್ಲಿ ಎಲ್ಲರ ಅಲ್ಪಸ್ವಲ್ಪ ಹಣವು ದುರದೃಷ್ಟಶಾಲಿಯೊಬ್ಬನಿಗೆ ಸಲ್ಲುವುದು. ನನ್ನ ಟಿಕೆಟ್ಟಿಗೆ ಬಹುಮಾನ ಬರಲೆಂದು ಲಾಟರಿಯವನು ಹರಸಿಕೊಂಡರೆ, ನನ್ನ ಹಣ ನನಗೆಂದೂ ಬಾರದಿರಲೆಂದು ವಿಮೆಯವನು ಹರಸಿಕೊಳ್ಳಬೇಕು. ಆದ್ದರಿಂದಲೇ ನಮ್ಮ ಜನಕ್ಕೆ ವಿಮೆಯು ರುಚಿಸುವುದಿಲ್ಲವೋ ಏನೋ. "ಹತ್ತು ವರ್ಷ ಕಟ್ಟಿದೆ, ಏನೂ ಬರಲಿಲ್ಲ" ಎಂದು ನಿಟ್ಟುಸಿರು ಬಿಡುವ ಗಟ್ಟಿಮುಟ್ಟಾದ ಮನುಷ್ಯರನ್ನು ನಾವೆಲ್ಲ ಕಂಡಿದ್ದೇವೆ.

ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ ೧೮೯೧ರಲ್ಲಿಯೇ ಜೀವವಿಮೆಯ ಇಲಾಖೆಯನ್ನು ತೆರೆದಿತ್ತು. ಅದು ಇಂದು ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯಾಗಿ ನಡೆಯುತ್ತಿದೆ. ನೌಕರಿಯಿಲ್ಲದ ರೈತನ ಕಾಯಿಲೆಗೆ ಆಧಾರವಾದದ್ದು ಬಹಳ ತಡವಾಗಿ, ೨೦೦೩ರಲ್ಲಿ ಕಾರ್ಯರೂಪಕ್ಕೆ ಬಂದ ಯಶಸ್ವಿನಿ ಯೋಜನೆಯಿಂದ. ಸಹಕಾರ ಸಂಘದ ಸದಸ್ಯನು ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ ಅರವತ್ತು ರೂಪಾಯಿ ಕಟ್ಟಿದರೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ದೊರೆಯುತ್ತಿದ್ದಿತು. ಐದು ರೂಪಾಯಿಗೆ ಹೃದಯದ ಶಸ್ತ್ರಚಿಕಿತ್ಸೆಯೆಂದರೆ ನಂಬುವವರಾರು? ಲಕ್ಷಾಂತರ ಮಂದಿ ಕಟ್ಟಿದುದರಿಂದಲೂ, ಸರ್ಕಾರವು ತನ್ನ ಪಾಲನ್ನು ಸೇರಿಸಿದುದರಿಂದಲೂ ಅದು ನಡೆಯಿತು. ೨೦೧೮ರಲ್ಲಿ ಯೋಜನೆಯನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿ ನಿಲ್ಲಿಸಿದರು. ೨೦೨೨ರಲ್ಲಿ ಅದನ್ನು ಪುನಃ ಆರಂಭಿಸಬೇಕಾಯಿತು. ಬಡತನದ ರೇಖೆಯ ಕೆಳಗಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಏರ್ಪಾಡುಂಟು. ಈ ಕಾರ್ಡುಗಳನ್ನು ಮಾಡಿಸದೆ ಇಟ್ಟು, ಕಾಯಿಲೆ ಬಿದ್ದ ದಿನ ಆಸ್ಪತ್ರೆಯ ಬಾಗಿಲಲ್ಲಿ ಕಾಗದಪತ್ರಗಳಿಗಾಗಿ ಅಲೆಯುವುದು ನಮ್ಮಲ್ಲಿ ನಿತ್ಯದ ನೋಟ. ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿರುವಾಗ, ಬಿಡುವಿನ ಒಂದು ಮುಂಜಾನೆಯಲ್ಲಿ, ಈ ಕೆಲಸವನ್ನು ಮುಗಿಸಿಬಿಡಬೇಕು.

ಮಿತವ್ಯಯದ ಮಾತು ಬಂದಾಗ ಮನೆಗಳಲ್ಲಿ ಕತ್ತರಿ ಎಲ್ಲಿ ಬೀಳುವುದೆಂಬುದನ್ನು ಗಮನಿಸಿದ್ದೀರಾ? ಅಜ್ಜನ ಎಲೆಯಡಕೆಗೆ, ಗೃಹಿಣಿಯ ಮಧ್ಯಾಹ್ನದ ಕಾಫಿಗೆ, ಮಕ್ಕಳ ಒಂದು ಬಾಳೆಯಹಣ್ಣಿಗೆ. ಮದುವೆಯ ಛತ್ರದ ಬಾಡಿಗೆಗಾಗಲಿ, ಬೈಕಿನ ಕಂತಿಗಾಗಲಿ ಆ ಕತ್ತರಿಯು ಹೋಗುವುದಿಲ್ಲ. ದೊಡ್ಡ ಖರ್ಚಿಗೆ ಗೌರವವುಂಟು, ಸಣ್ಣ ಖರ್ಚಿಗೆ ಬೈಗುಳ. ೨೦೨೫ರಲ್ಲಿ ಕಾಫಿಯ ಪುಡಿಯ ಬೆಲೆ ಏರಿದಾಗ ಎಷ್ಟೋ ಮನೆಗಳಲ್ಲಿ ಚಿಕೋರಿಯ ಪಾಲು ಮೆಲ್ಲನೆ ಹೆಚ್ಚಿತು. ಯಜಮಾನನ ಲೋಟದಲ್ಲಿ ಮೊದಲ ಡಿಕಾಕ್ಷನ್, ಗೃಹಿಣಿಯ ಲೋಟದಲ್ಲಿ ಮೂರನೆಯದು. ಇಡೀ ಮನೆಗೆ ಕೆಲಸ ಮಾಡಿ ಎರಡು ಗಂಟೆಗೆ ಒಮ್ಮೆ ಕುಳಿತು ಒಬ್ಬಳೇ ಕುಡಿಯುವ ಆ ಅರ್ಧ ಲೋಟವನ್ನು ದುಂದುಗಾರಿಕೆಯೆಂದು ಕರೆಯುವವರೊಡನೆ ನನಗೆ ವಾದವಿಲ್ಲ. ಅವರು ಒಂದು ವಾರ ಅಡಿಗೆಯ ಮನೆಯನ್ನು ವಹಿಸಿಕೊಂಡು ನೋಡಲಿ.

ಕಡೆಯದಾಗಿ ಒಂದು ಸಣ್ಣ ಕೆಲಸವುಂಟು. ಡಬ್ಬಿಯ ಗುಟ್ಟು ಡಬ್ಬಿಗೆ ಚೆನ್ನ. ಬ್ಯಾಂಕಿನ ಠೇವಣಿಗೆ ಅದು ಚೆನ್ನಲ್ಲ. ಮನೆಯವರಿಗೆ ತಿಳಿಸದೆ ಇಟ್ಟು ತೀರಿಹೋದವರ ಹಣವು ಹತ್ತು ವರ್ಷ ಯಾರೂ ಕೇಳದೆ ಬಿದ್ದಿದ್ದರೆ ರಿಸರ್ವ್ ಬ್ಯಾಂಕು ೨೦೧೪ರಲ್ಲಿ ಏರ್ಪಡಿಸಿದ ಒಂದು ನಿಧಿಗೆ ಹೋಗಿ ಸೇರುವುದು. ವಾರಸುದಾರರು ಆ ಬಳಿಕವೂ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. ಇಂಥ ಹಣವನ್ನು ಹುಡುಕಲೆಂದೇ ೨೦೨೩ರಲ್ಲಿ ಉದ್ಗಮ್ ಎಂಬ ಅಂತರ್ಜಾಲದ ಏರ್ಪಾಡನ್ನೂ ಮಾಡಿದ್ದಾರೆ. ಇಷ್ಟೆಲ್ಲ ಹುಡುಕಾಟ ಬೇಡವೆಂದಿದ್ದರೆ ಖಾತೆಗೆ ನಾಮಿನಿಯ ಹೆಸರನ್ನು ಬರೆಸಬೇಕು. ೨೦೨೫ರ ನವೆಂಬರ್ ೧ರಿಂದ ಒಂದು ಠೇವಣಿಗೆ ನಾಲ್ಕು ಮಂದಿಯವರೆಗೆ ಹೆಸರಿಸಲು ಅವಕಾಶವಾಗಿದೆ. ಬಹುಮಂದಿ ಹಿರಿಯರ ಪಾಸ್ ಪುಸ್ತಕದಲ್ಲಿ ಆ ಜಾಗವು ಬರಿದಾಗಿರುವುದು, ಇಲ್ಲವೆ ಮದುವೆಗೆ ಮುಂಚೆ ಬರೆಸಿದ ತಂದೆಯ ಹೆಸರೇ ಇನ್ನೂ ಇರುವುದು. ಬ್ಯಾಂಕಿನ ಕಿಟಕಿಯಲ್ಲಿ ಕೇಳಿದರೆ ಕಾಗದವನ್ನು ಕೊಡುವರು. ತುಂಬಿ ರುಜು ಹಾಕಿ ಹಿಂದಿರುಗುವಾಗ ಸ್ವೀಕೃತಿಯ ಚೀಟಿಯನ್ನು ಕೇಳಿ ಪಡೆದು ಪಾಸ್ ಪುಸ್ತಕದೊಳಗೆ ಇಟ್ಟುಕೊಳ್ಳತಕ್ಕದ್ದು.